ಯೂನಿಯನ್ ಕಟ್ಟುವಾಗ ಮ್ಯಾನೇಜ್‌ಮೆಂಟ್ ಅಡ್ಡಗಾಲು ಹಾಕಿದರೆ: ಯಾವುದು ಮೊದಲು, ಯಾವುದು ಆಮೇಲೆ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶ, ಹರಿಹರ, ಹಿರಿಯೂರು, ಚಳ್ಳಕೆರೆ. ಊರು ಬೇರೆಯಾದರೂ ಕೇಳಿಬರುವ ಕಥೆ ಒಂದೇ. ಹತ್ತಿಪ್ಪತ್ತು ಜನ ಸೇರಿ ಯೂನಿಯನ್ ಮಾಡೋಣ ಅಂತ ಮಾತಾಡುತ್ತಾರೆ. ವಾರದೊಳಗೆ ಅದು ಎಚ್.ಆರ್. ಕಿವಿಗೆ ಬೀಳುತ್ತದೆ. ಮುಂದೆ ನಿಂತ ಇಬ್ಬರ ಗೇಟ್ ಪಾಸ್ ಬಂದ್ ಆಗುತ್ತದೆ, ಉಳಿದವರು ತಣ್ಣಗಾಗುತ್ತಾರೆ. ಆ ಇಬ್ಬರು ಲೇಬರ್ ಆಫೀಸಿಗೆ ಹೋದರೆ ಎದುರಾಗುವ ಪ್ರಶ್ನೆ: ‘ಯೂನಿಯನ್ ಕಾರಣಕ್ಕೇ ತೆಗೆದರು ಅನ್ನೋದಕ್ಕೆ ಏನಿದೆ ನಿಮ್ಮ ಹತ್ರ?’ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ಬಹುಪಾಲು ಕಡೆ ಕೆಟ್ಟಿರುವುದು ಕ್ರಮ. ಸಂಘದ ನೋಂದಣಿಗೆ ಅರ್ಜಿ ಹಾಕುವ ಮುಂಚೆ ಗುಟ್ಟಾಗಿ ಇಡಬೇಕಾದ್ದನ್ನು ಚಹಾ ಅಂಗಡಿಯಲ್ಲಿ ಹೇಳಿಕೊಳ್ಳುತ್ತಾರೆ. ಅರ್ಜಿ ಹಾಕಿದ ಮೇಲೆ ಬರೆದು ತಿಳಿಸಬೇಕಾದ್ದನ್ನು ಹೆದರಿ ಮುಚ್ಚಿಡುತ್ತಾರೆ. ಇದನ್ನು ತಿರುವು ಹಾಕಿದರೆ ಅರ್ಧ ಕೆಲಸ ಆದಂತೆ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಓದಿ, ಇದೇ ಅನುಕ್ರಮದಲ್ಲಿ ಮಾಡಿ.

ಕಾನೂನು ಈಗ ಎಲ್ಲಿದೆ

ಸಂಘ ಕಟ್ಟುವ ಹಕ್ಕು ಸಂವಿಧಾನದ 19(1)(ಸಿ) ವಿಧಿಯಲ್ಲಿದೆ. ಅದನ್ನು ನಡೆಸಿಕೊಡುವ ಕಾನೂನು ಮಾತ್ರ ಬದಲಾಗಿದೆ. 1926ರ ಕಾರ್ಮಿಕ ಸಂಘಗಳ ಕಾಯ್ದೆ ಮತ್ತು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಹಾಗಾಗಿ ಯಾರೋ ಹಿರಿಯರು ಕೊಟ್ಟ ಹತ್ತು ವರ್ಷದ ಹಿಂದಿನ ಫಾರಂ ಝೆರಾಕ್ಸ್ ಮಾಡಿಸಿಕೊಂಡು ಹೋಗಬೇಡಿ. ಲೇಬರ್ ಆಫೀಸಿನಲ್ಲಿ ‘ಇವತ್ತು ಜಾರಿಯಲ್ಲಿರುವ ನಮೂನೆ ಯಾವುದು’ ಎಂದು ಕೇಳಿಯೇ ಪಡೆಯಿರಿ. ದೂರಿನಲ್ಲಿ ಹಳೆಯ ಕಾಯ್ದೆಯ ಸೆಕ್ಷನ್ ಬರೆದರೆ ಅಷ್ಟನ್ನೇ ಹಿಡಿದುಕೊಂಡು ಕಂಪನಿ ವಕೀಲರು ಎರಡು ವಾಯಿದೆ ತಿನ್ನುತ್ತಾರೆ.

ಮಾಲೀಕರು ಏನು ಮಾಡಬಾರದು ಎಂಬ ಪಟ್ಟಿ ಸಂಹಿತೆಯ ಎರಡನೇ ಅನುಸೂಚಿಯಲ್ಲಿದೆ. ಅದರ ಹೆಸರು ‘ಅನುಚಿತ ಕಾರ್ಮಿಕ ಪದ್ಧತಿ’. ಸೆಕ್ಷನ್ 84 ಅದನ್ನು ನಿಷೇಧಿಸುತ್ತದೆ. ಸೆಕ್ಷನ್ 86ರಲ್ಲಿ ಕನಿಷ್ಠ 10,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವಿದೆ. ದೊಡ್ಡ ಕಂಪನಿಗೆ ಈ ದಂಡ ಚಿಲ್ಲರೆ ಕಾಸು, ಅದನ್ನು ಒಪ್ಪಿಕೊಳ್ಳೋಣ. ಆದರೂ ಅನುಚಿತ ಪದ್ಧತಿ ಎಂದು ದಾಖಲೆಯಲ್ಲಿ ಬಂದರೆ, ವಜಾ ಆದವರ ಪ್ರಕರಣಕ್ಕೆ ಅದೇ ಬೆನ್ನೆಲುಬಾಗುತ್ತದೆ.

ಕೈಯಲ್ಲಿ ಇರಬೇಕಾದವು

ಪ್ರತಿಯೊಬ್ಬ ಮುಂದಾಳಿನ ನೇಮಕಾತಿ ಪತ್ರ, ಕಳೆದ ಆರು ತಿಂಗಳ ವೇತನ ಚೀಟಿ, ಐ.ಡಿ. ಕಾರ್ಡಿನ ಎರಡೂ ಬದಿಯ ಪ್ರತಿ, ಪಿ.ಎಫ್. ಪಾಸ್‌ಬುಕ್, ಇ.ಎಸ್.ಐ. ನಂಬರು. ಇವನ್ನೆಲ್ಲ ಈಗಲೇ ತೆಗೆದಿಡಿ. ಗೇಟ್ ಬಂದ್ ಆದ ದಿನವೇ ಕಂಪನಿಯ ಆ್ಯಪ್‌ನ ಲಾಗಿನ್ನೂ ಬಂದ್ ಆಗುತ್ತದೆ, ಆಮೇಲೆ ವೇತನ ಚೀಟಿ ಸಿಗುವುದಿಲ್ಲ.

ಇನ್ನು ಪುಟಗಳಿಗೆ ನಂಬರು ಹಾಕಿದ ಎರಡು ಉದ್ದ ನೋಟ್‌ಬುಕ್: ಒಂದು ಸಭೆಯ ನಡಾವಳಿಗೆ, ಇನ್ನೊಂದು ದಿನಚರಿಗೆ. ಸ್ಪೈರಲ್ ಪುಸ್ತಕ ಬೇಡ, ಹಾಳೆ ಕಿತ್ತರೆ ಗೊತ್ತಾಗುವುದಿಲ್ಲ. ಒಂದು ರಸೀದಿ ಪುಸ್ತಕ, ಯೂನಿಯನ್ ಕೆಲಸಕ್ಕೆಂದೇ ಒಂದು ಇ-ಮೇಲ್ ವಿಳಾಸ. ಕಂಪನಿ ಕೊಟ್ಟ ಮೇಲ್ ಐ.ಡಿ., ಕಂಪನಿಯ ಪ್ರಿಂಟರ್, ಕಂಪನಿಯ ಸಿಮ್ ಯಾವುದನ್ನೂ ಮುಟ್ಟಬೇಡಿ.

ಹಂತ 1: ಯಾವ ಕಚೇರಿ, ಯಾರು ಕಾರ್ಮಿಕ

ದಾವಣಗೆರೆಯ ಗಾರ್ಮೆಂಟ್ಸ್, ರೈಸ್ ಮಿಲ್, ಚಳ್ಳಕೆರೆಯ ಎಣ್ಣೆ ಮಿಲ್ ಇವುಗಳಿಗೆಲ್ಲ ರಾಜ್ಯ ಕಾರ್ಮಿಕ ಇಲಾಖೆ. ಚಿತ್ರದುರ್ಗದ ಕಬ್ಬಿಣದ ಅದಿರಿನ ಗಣಿಯಲ್ಲಿ ದುಡಿಯುವವರ ವಿವಾದಗಳು ಹೋಗುವುದು ಕೇಂದ್ರದ ಕಾರ್ಮಿಕ ಆಯುಕ್ತರ ವ್ಯವಸ್ಥೆಗೆ, ಏಕೆಂದರೆ ಗಣಿಗಳಿಗೆ ಕೇಂದ್ರ ಸರ್ಕಾರವೇ ‘ಸೂಕ್ತ ಸರ್ಕಾರ’. ಇದನ್ನು ನೋಡಿಕೊಳ್ಳದೆ ಜಿಲ್ಲಾ ಲೇಬರ್ ಆಫೀಸಿನಲ್ಲಿ ತಿಂಗಳುಗಟ್ಟಲೆ ಅಲೆದು, ಕೊನೆಗೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಹಿಡಿದು ಬರುವವರಿದ್ದಾರೆ.

ಎರಡನೆಯದು, ನಿಮ್ಮ ಪಟ್ಟಿಯಲ್ಲಿರುವವರೆಲ್ಲ ಕಾನೂನಿನ ಕಣ್ಣಿನಲ್ಲಿ ಕಾರ್ಮಿಕರೇ? ಮೇಲ್ವಿಚಾರಣೆ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು, ಆಡಳಿತದ ಹುದ್ದೆಯವರು, ಅಪ್ರೆಂಟಿಸ್ ಕಾಯ್ದೆಯಡಿ ತೆಗೆದುಕೊಂಡವರು ವಿವಾದದ ಪ್ರಕರಣಗಳಲ್ಲಿ ಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ; ಸಂಘದ ನೋಂದಣಿಯ ಅಧ್ಯಾಯದಲ್ಲಿ ಮಾತ್ರ ‘ಕಾರ್ಮಿಕ’ ಎಂಬ ಪದದ ವ್ಯಾಪ್ತಿ ಇದಕ್ಕಿಂತ ದೊಡ್ಡದು. ಈ 18,000ದ ಮಿತಿಯನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಮಗ್ಗ ನಡೆಸುವವನಿಗೆ 25,000 ಬಂದರೂ ಅವನು ಕಾರ್ಮಿಕನೇ. ಮಿತಿ ಇರುವುದು ಸೂಪರ್‌ವೈಸರ್‌ಗೆ ಮಾತ್ರ.

ಇಲ್ಲೊಂದು ಎಚ್ಚರಿಕೆ. ಯೂನಿಯನ್ ಸುದ್ದಿ ಹಬ್ಬಿದ ತಿಂಗಳಲ್ಲೇ ಚುರುಕಾದ ನಾಲ್ಕು ಜನರಿಗೆ ‘ಟೀಮ್ ಲೀಡರ್’ ಎಂದು ಬಡ್ತಿ ಬಂದರೆ ಹಿಗ್ಗಬೇಡಿ. ಹೆಸರು ಏನೇ ಇದ್ದರೂ ಕೈಯಿಂದ ಮಾಡುವ ಕೆಲಸ ಯಾವುದು ಎಂಬುದೇ ಮುಖ್ಯವಾಗುತ್ತದೆ, ಆದ್ದರಿಂದ ಬಡ್ತಿಯ ನಂತರವೂ ಯಾವ ಮಷೀನಿನ ಮೇಲೆ ಎಷ್ಟು ಹೊತ್ತು ನಿಂತಿರಿ ಎಂದು ಬರೆದಿಡಿ.

ಹಂತ 2: ಸದ್ದಿಲ್ಲದ ಎಣಿಕೆ

ಅರ್ಜಿ ಹಾಕಲು ಕನಿಷ್ಠ ಏಳು ಜನ ಬೇಕು. ಅದರ ಜೊತೆಗೆ ಕಾರ್ಖಾನೆಯ ಒಟ್ಟು ಕಾರ್ಮಿಕರಲ್ಲಿ ಶೇ. 10 ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯತ್ವ ಇರಬೇಕು. 420 ಜನರ ಕಾರ್ಖಾನೆಗೆ 42. 1,500 ಜನರದ್ದಾದರೆ 100 ಸಾಕು.

ಸಾಕು ಎಂದು ಕಾನೂನು ಹೇಳುತ್ತದೆ, ನಾನು ಹೇಳುವುದಿಲ್ಲ. 42 ಬೇಕಾದ ಕಡೆ ನೂರು ಜನರ ಸಹಿ ಇಲ್ಲದೆ ಅರ್ಜಿ ಮುಟ್ಟಬೇಡಿ. ಅರ್ಜಿ ಹೋದ ಮೇಲೆ ಒಬ್ಬೊಬ್ಬರನ್ನೇ ಕ್ಯಾಬಿನ್‌ಗೆ ಕರೆದು ‘ನಾನು ಸದಸ್ಯನಲ್ಲ’ ಎಂದು ಬರೆಸಿಕೊಳ್ಳುವುದು ಹಳೆಯ ಪಟ್ಟು. ಅರ್ಜಿಗೆ ಸಹಿ ಹಾಕಿದವರಲ್ಲಿ ಅರ್ಧದಷ್ಟು ಜನ ಹಿಂದೆ ಸರಿದರೂ ಅರ್ಜಿ ಬಿದ್ದುಹೋಗುವುದಿಲ್ಲ, ಅರ್ಧ ಮೀರಿದರೆ ಬೀಳಬಹುದು. ಏಳೇ ಜನ ಸಹಿ ಹಾಕಿದ್ದರೆ ನಾಲ್ವರನ್ನು ಬೆದರಿಸಿದರೆ ಕೆಲಸ ಮುಗಿಯಿತು. ಹದಿನೈದು ಜನ ಹಾಕಿದ್ದರೆ ಎಂಟು ಮಂದಿಯನ್ನು ಮುರಿಯಬೇಕು. ಅದಕ್ಕೇ ಅರ್ಜಿದಾರರ ಸಂಖ್ಯೆ ಹೆಚ್ಚಿರಲಿ, ಮತ್ತು ಅವರು ಬೇರೆ ಬೇರೆ ಪಾಳಿ, ಬೇರೆ ಬೇರೆ ವಿಭಾಗದವರಾಗಿರಲಿ. ಒಂದೇ ಲೈನಿನ ಹದಿನೈದು ಜನ ಎಂದರೆ ಒಬ್ಬನೇ ಸೂಪರ್‌ವೈಸರ್ ಕೈಗೆ ಹದಿನೈದು ಜುಟ್ಟು ಕೊಟ್ಟಂತೆ.

ಎಣಿಕೆ ಹೇಗೆ? ಮನೆ ಮನೆಗೆ ಹೋಗಿ. ಗೇಟಿನೆದುರಿನ ಚಹಾ ಅಂಗಡಿ, ಕಂಪನಿ ಬಸ್ಸು, ಕ್ಯಾಂಟೀನು ಬೇಡ. ಮಂಡಕ್ಕಿ ಮಿರ್ಚಿ ತಿನ್ನುತ್ತಾ ಮಾತಾಡಿದ್ದು ಎರಡನೇ ಪಾಳಿ ಶುರುವಾಗುವುದರೊಳಗೆ ಆಫೀಸ್ ತಲುಪಿರುತ್ತದೆ. ವಾಟ್ಸ್ಆ್ಯಪ್ ಗುಂಪಂತೂ ಬೇಡವೇ ಬೇಡ. ಗುಂಪಿನ ಸದಸ್ಯರ ಪಟ್ಟಿಯ ಒಂದು ಸ್ಕ್ರೀನ್‌ಶಾಟ್ ಸಾಕು, ಯಾರನ್ನು ಮೊದಲು ತೆಗೆಯಬೇಕೆಂದು ನೀವೇ ಬರೆದುಕೊಟ್ಟಂತಾಗುತ್ತದೆ. ಸದಸ್ಯತ್ವದ ಫಾರಂ ಕಾಗದದ ಮೇಲಿರಲಿ. ಹೆಸರು, ಟೋಕನ್ ನಂಬರು, ವಿಭಾಗ, ದಿನಾಂಕ, ಸಹಿ, ಚಂದಾ ರಸೀದಿ ನಂಬರು ಇಷ್ಟೂ ಅದರಲ್ಲಿ ಬರಲಿ. ಫಾರಂಗಳನ್ನು ಕಾರ್ಖಾನೆಯಲ್ಲಿ ಕೆಲಸ ಮಾಡದ ಒಬ್ಬ ನಂಬಿಕಸ್ಥರ ಮನೆಯಲ್ಲಿಡಿ.

ಗುತ್ತಿಗೆ ಕಾರ್ಮಿಕರನ್ನು ಸೇರಿಸಿಕೊಳ್ಳಿ, ಆದರೆ ಪಟ್ಟಿ ಬೇರೆಯಾಗಿರಲಿ. ಅವರನ್ನು ಗುತ್ತಿಗೆದಾರ ಒಂದು ಫೋನಿನಲ್ಲಿ ಮನೆಗೆ ಕಳಿಸಬಲ್ಲ. ಶೇ. 10ರ ಲೆಕ್ಕ ಕಾಯಂ ನೌಕರರ ಮೇಲೆಯೇ ನಿಲ್ಲುವಂತೆ ನೋಡಿಕೊಳ್ಳಿ.

ದುಗ್ಗಮ್ಮನ ಜಾತ್ರೆ, ದೀಪಾವಳಿ, ಬಿತ್ತನೆಯ ವಾರ ಇಂಥ ಹೊತ್ತಿನಲ್ಲಿ ಎಣಿಕೆ ಇಟ್ಟುಕೊಳ್ಳಬೇಡಿ. ಅರ್ಧ ಜನ ಊರಲ್ಲೇ ಇರುವುದಿಲ್ಲ, ಕೆಲಸ ಎಳೆಯುತ್ತದೆ, ಎಳೆದಷ್ಟೂ ಸುದ್ದಿ ಸೋರುತ್ತದೆ. ಶುರು ಮಾಡಿದರೆ ಮೂರ್ನಾಲ್ಕು ವಾರದಲ್ಲಿ ಮುಗಿಯಬೇಕು.

ಹಂತ 3: ಹೊಸ ಸಂಘವೋ, ಇರುವ ಸಂಘದ ಘಟಕವೋ

ಎಐಟಿಯುಸಿ, ಸಿಐಟಿಯು, ಐಎನ್‌ಟಿಯುಸಿ, ಬಿಎಂಎಸ್ ಮುಂತಾದ ರಾಷ್ಟ್ರಮಟ್ಟದ ಕಾರ್ಮಿಕ ಸಂಘಟನೆಗಳಿಗೆ ಸೇರಿದ, ಈಗಾಗಲೇ ನೋಂದಣಿಯಾದ ಸಂಘದ ಬೈಲಾ ನಿಮ್ಮ ಉದ್ಯಮವನ್ನೂ ಒಳಗೊಂಡಿದ್ದರೆ ಅದರ ಘಟಕವಾಗಿ ಸೇರುವುದು ಬೇಗ ಆಗುವ ದಾರಿ. ನೋಂದಣಿಗೆ ಕಾಯುವ, ಎಲ್ಲಕ್ಕಿಂತ ಅಪಾಯದ ಅವಧಿ ತಪ್ಪುತ್ತದೆ. ಸ್ವಂತ ಸಂಘವಾದರೆ ತೀರ್ಮಾನಗಳು ನಿಮ್ಮವೇ, ತಡವೂ ನಿಮ್ಮದೇ. ನೂರು ಜನರೊಳಗಿನ ಕಾರ್ಖಾನೆಗಳಿಗೆ ಘಟಕವಾಗುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಸೇರುವ ಮುಂಚೆ ಆ ಸಂಘದ ನೋಂದಣಿ ಪ್ರಮಾಣಪತ್ರ ಮತ್ತು ಕಳೆದ ವರ್ಷದ ವಾರ್ಷಿಕ ವರದಿ ಸಲ್ಲಿಸಿದ ಸ್ವೀಕೃತಿ ಕೇಳಿ ನೋಡಿ. ನಾಯಕರ ಭಾಷಣ ಆಮೇಲೆ ಕೇಳಬಹುದು.

ಹಂತ 4: ಸಭೆ, ಠರಾವು, ಬೈಲಾ, ಅರ್ಜಿ

ಸಭೆ ಕಾರ್ಖಾನೆಯ ಹೊರಗೆ, ಕೆಲಸದ ಹೊತ್ತಿನ ಹೊರಗೆ. ನಡಾವಳಿ ಪುಸ್ತಕದಲ್ಲಿ ದಿನಾಂಕ, ಜಾಗ, ಹಾಜರಿದ್ದವರ ಸಹಿ. ನಂತರ ಮೂರು ಠರಾವು: ಸಂಘ ಸ್ಥಾಪಿಸುವುದು, ಬೈಲಾ ಒಪ್ಪುವುದು, ಪದಾಧಿಕಾರಿಗಳನ್ನು ಆರಿಸಿ ಅರ್ಜಿ ಹಾಕಲು ಅಧಿಕಾರ ಕೊಡುವುದು. ಠರಾವಿನ ಪ್ರತಿ ಮತ್ತು ಅಫಿಡವಿಟ್ ಅರ್ಜಿಯ ಜೊತೆ ಹೋಗಬೇಕು. ಬಹಳಷ್ಟು ಅರ್ಜಿ ವಾಪಸ್ ಬರುವುದು ಠರಾವಿನ ದಿನಾಂಕಕ್ಕೂ ಅಫಿಡವಿಟ್ಟಿನ ದಿನಾಂಕಕ್ಕೂ ತಾಳೆ ಇಲ್ಲದೆ.

ಬೈಲಾದಲ್ಲಿ ಸಂಘದ ಹೆಸರು, ಉದ್ದೇಶ, ಹಣ ಯಾವುದಕ್ಕೆ ಬಳಸಬಹುದು, ಸದಸ್ಯರ ಪಟ್ಟಿ ಇಡುವ ಬಗೆ, ಚಂದಾ, ಪದಾಧಿಕಾರಿಗಳ ಆಯ್ಕೆ ಮತ್ತು ತೆಗೆಯುವಿಕೆ, ವಾರ್ಷಿಕ ಆಡಿಟ್, ಬೈಲಾ ತಿದ್ದುಪಡಿ, ಸಂಘದ ವಿಸರ್ಜನೆ ಇಷ್ಟೂ ಇರಲೇಬೇಕು. ಹೊರಗಿನವರನ್ನು ಪದಾಧಿಕಾರಿ ಮಾಡಬಹುದು, ಆದರೆ ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟೇ. ನಿವೃತ್ತರಾದವರು, ರಿಟ್ರೆಂಚ್ ಆದವರು (ಹೆಚ್ಚುವರಿ ಎಂದು ಕಂಪನಿ ಕೆಲಸದಿಂದ ತೆಗೆದವರು) ‘ಹೊರಗಿನವರು’ ಎನಿಸುವುದಿಲ್ಲ. ಇದು ಉಪಯೋಗಕ್ಕೆ ಬರುವ ಅವಕಾಶ. ಕಾರ್ಖಾನೆಯ ಒಳಹೊರಗು ಬಲ್ಲ, ವಜಾ ಭಯವಿಲ್ಲದ ನಿವೃತ್ತರೊಬ್ಬರು ಅಧ್ಯಕ್ಷರಾದರೆ ಎಷ್ಟೋ ಭಾರ ಇಳಿಯುತ್ತದೆ.

ಅರ್ಜಿ ಕೊಟ್ಟಾಗ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ. ‘ಇಟ್ಟು ಹೋಗಿ, ಸಾಹೇಬರು ಬಂದ ಮೇಲೆ ನೋಡ್ತಾರೆ’ ಅಂದರೆ ಕಾಯಿರಿ. ತೀರಾ ಒಪ್ಪದಿದ್ದರೆ ಅಂದೇ ಅದೇ ಅರ್ಜಿಯನ್ನು ತಲುಪಿದ ಪುರಾವೆ ಸಮೇತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ವಿಲೀನವಾಗಿದೆ. ಕೌಂಟರಿನಲ್ಲಿ ಪುರಾವೆಯ ಸೇವೆಯನ್ನು ಬಾಯಿಬಿಟ್ಟು ಕೇಳಬೇಕು.

ಹಂತ 5: ಸೀಲು ಬಿದ್ದ ದಿನವೇ ಮ್ಯಾನೇಜ್‌ಮೆಂಟ್‌ಗೆ ಪತ್ರ

ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದೇ. ‘ಸರ್ಟಿಫಿಕೇಟ್ ಬರಲಿ, ಆಮೇಲೆ ಹೇಳೋಣ’ ಎಂದು ಕೂರುತ್ತಾರೆ. ಅಷ್ಟರಲ್ಲಿ ಕಂಪನಿಗೆ ಹೇಗೂ ಗೊತ್ತಾಗಿರುತ್ತದೆ. ಗೊತ್ತಾಗಿತ್ತು ಎನ್ನಲು ನಿಮ್ಮಲ್ಲಿ ಸಾಕ್ಷಿ ಇರುವುದಿಲ್ಲ. ವಿಚಾರಣೆಯಲ್ಲಿ ಕಂಪನಿಯ ಮೊದಲ ವಾದ ಯಾವತ್ತೂ ಒಂದೇ: ‘ಇವರು ಯೂನಿಯನ್‌ನಲ್ಲಿದ್ದಾರೆಂದು ನಮಗೆ ತಿಳಿದೇ ಇರಲಿಲ್ಲ, ಕೆಲಸ ಸರಿ ಮಾಡದ್ದಕ್ಕೆ ತೆಗೆದೆವು.’ ಈ ವಾದದ ಬುಡ ಕೀಳುವುದು ದಿನಾಂಕವಿರುವ ಒಂದು ಪತ್ರ.

ಪತ್ರ ಚಿಕ್ಕದಿರಲಿ. ಹೀಗೆ ಬರೆದರೆ ಸಾಕು:

‘ಈ ಕಾರ್ಖಾನೆಯ ಕಾರ್ಮಿಕರಾದ ನಾವು ಇಂಥ ಹೆಸರಿನ ಸಂಘವನ್ನು ಸ್ಥಾಪಿಸಿ ಇಂಥ ದಿನಾಂಕದಂದು ನೋಂದಣಿಗೆ ಅರ್ಜಿ ಸಲ್ಲಿಸಿದ್ದೇವೆ. ಪದಾಧಿಕಾರಿಗಳ ಹೆಸರು, ಟೋಕನ್ ನಂಬರು ಕೆಳಗಿವೆ. ಸಂಘದ ಚಟುವಟಿಕೆಯ ಕಾರಣಕ್ಕೆ ಯಾರನ್ನೂ ವರ್ಗಾಯಿಸುವುದು, ಅಮಾನತು ಮಾಡುವುದು, ಬೆದರಿಸುವುದು ಕೈಗಾರಿಕಾ ಸಂಬಂಧಗಳ ಸಂಹಿತೆಯ ಎರಡನೇ ಅನುಸೂಚಿಯಂತೆ ಅನುಚಿತ ಕಾರ್ಮಿಕ ಪದ್ಧತಿ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇವೆ. ಉತ್ಪಾದನೆಗೆ ನಮ್ಮ ಸಹಕಾರ ಎಂದಿನಂತೆ ಇರುತ್ತದೆ.’

ಕೊನೆಯ ವಾಕ್ಯ ಬಿಡಬೇಡಿ. ಮುಂದೊಂದು ದಿನ ಸಂಧಾನಾಧಿಕಾರಿ (ಕಂಪನಿ, ಕಾರ್ಮಿಕರ ನಡುವೆ ರಾಜಿ ಮಾಡಿಸುವ ಸರ್ಕಾರಿ ಅಧಿಕಾರಿ) ಎದುರು ‘ಇವರು ಬಂದದ್ದೇ ಗಲಾಟೆ ಮಾಡಲು’ ಎಂಬ ಮಾತು ಬಂದಾಗ ಅದು ಕೆಲಸಕ್ಕೆ ಬರುತ್ತದೆ. ಪತ್ರದ ಪ್ರತಿ ಲೇಬರ್ ಆಫೀಸರ್‌ಗೆ, ಇನ್ನೊಂದು ಪ್ರತಿ ಇ-ಮೇಲ್ ಮೂಲಕ ಕಂಪನಿಗೆ. ಸಾಮಾನ್ಯ ಸದಸ್ಯರ ಪಟ್ಟಿಯನ್ನು ಮಾತ್ರ ಕಂಪನಿಗೆ ಕೊಡಬೇಡಿ, ಕೇಳಿದರೂ ಕೊಡಬೇಡಿ. ಎಣಿಕೆ ಪರಿಶೀಲಿಸುವವರು ಅಧಿಕಾರಿಗಳು. ಪಟ್ಟಿ ಅವರಿಗೆ ತೋರಿಸಿ.

ಹಂತ 6: ದಿನಚರಿ

ಮೊದಲ ದಿನದಿಂದಲೇ ಶುರುವಾಗಬೇಕಾದ ಕೆಲಸ ಇದು. ನಡೆದದ್ದನ್ನು ಅದೇ ರಾತ್ರಿ, ಆಡಿದ ಮಾತಿನಲ್ಲೇ ಬರೆಯಿರಿ. ‘ಸೂಪರ್‌ವೈಸರ್ ಬೆದರಿಕೆ ಹಾಕಿದರು’ ಎಂದು ಬರೆದರೆ ನಾಲ್ಕು ಕಾಸಿನ ಬೆಲೆ ಇಲ್ಲ. ಹೀಗೆ ಬರೆಯಿರಿ: ‘ಮಂಗಳವಾರ, ಎರಡನೇ ಪಾಳಿ, ಸಂಜೆ 5.40ರ ಸುಮಾರು, ಪ್ಯಾಕಿಂಗ್ ಟೇಬಲ್ ಹತ್ತಿರ. ಸೂಪರ್‌ವೈಸರ್ ಬಂದು, “ಏನಪ್ಪಾ, ಯೂನಿಯನ್ ಗೀನಿಯನ್ ಅಂತ ಓಡಾಡ್ತಿದ್ದೀಯಂತೆ, ಸಾಲಗೀಲ ಎಲ್ಲ ತೀರೈತಾ? ಮುಂದಿನ ತಿಂಗಳು ನಿನ್ನ ಟೋಕನ್ ಇರ್ತೈತೋ ಇಲ್ಲೋ ನೋಡ್ಕೋ” ಅಂದರು. ಪಕ್ಕದಲ್ಲಿ ಇಂಥಿಂಥವರು ಇದ್ದರು.’ ಕೆಳಗೆ ಕೇಳಿಸಿಕೊಂಡವರ ಸಹಿ.

ಮೊಬೈಲ್ ರೆಕಾರ್ಡಿಂಗ್ ಇದ್ದರೆ ಮೂಲ ಫೋನನ್ನೇ ಜೋಪಾನ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಕ್ಲಿಪ್ಪಿಗೆ ತೂಕವಿಲ್ಲ. ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ. ಫೋನ್ ಮಾರಿಬಿಟ್ಟ ಮೇಲೆ ಅದನ್ನು ಕೊಡುವುದು ಕಷ್ಟ. ಮಷೀನು, ಉತ್ಪನ್ನ, ಡ್ರಾಯಿಂಗ್ ಫೋಟೋ ತೆಗೆಯಬೇಡಿ. ‘ಕಂಪನಿ ಗುಟ್ಟು ಹೊರಗೆ ಹಾಕಿದ’ ಎಂಬ ಚಾರ್ಜ್‌ಶೀಟ್‌ಗೆ ನೀವೇ ಕಾಗದ ಒದಗಿಸಿದಂತೆ.

ಹಂತ 7: ಲಕ್ಷಣ ಕಂಡ ಕೂಡಲೆ ಮಾಡಬೇಕಾದ್ದು

ಅಡ್ಡಗಾಲು ಮೊದಲು ಸಿಹಿಯಾಗಿ ಬರುತ್ತದೆ. ವರ್ಷಗಟ್ಟಲೆ ಕೇಳಿದರೂ ಆಗದ ಇನ್‌ಕ್ರಿಮೆಂಟು ಸಂಘ ಕಟ್ಟುವ ತಿಂಗಳಲ್ಲೇ ಆಗುತ್ತದೆ, ಕ್ಯಾಂಟೀನಿಗೆ ಹೊಸ ಫ್ಯಾನು ಬರುತ್ತದೆ. ಸಂಘಟನೆಯ ಹೊತ್ತಿನಲ್ಲಿ ಅದನ್ನು ಮುರಿಯಲೆಂದೇ ವೇತನ ಏರಿಸುವುದು ಅನುಸೂಚಿಯಲ್ಲಿ ಹೆಸರಿಟ್ಟು ಹೇಳಿದ ತಪ್ಪು. ಹಾಗೆಂದು ಹಣ ಬೇಡ ಎನ್ನಬೇಡಿ, ತೆಗೆದುಕೊಳ್ಳಿ. ಏರಿಕೆಯ ದಿನಾಂಕ, ಹಿಂದಿನ ಏರಿಕೆ ಯಾವಾಗ ಆಗಿತ್ತು, ಅಂದು ಮ್ಯಾನೇಜರು ಏನೆಂದು ಹೇಳಿ ಹಂಚಿದರು ಇಷ್ಟನ್ನು ಬರೆದಿಡಿ.

ಕಂಪನಿಯೇ ಹುಟ್ಟುಹಾಕುವ ಸಂಘ: ಎಚ್.ಆರ್. ಕ್ಯಾಬಿನ್‌ನಲ್ಲಿ ಫಾರಂ ಹಂಚಿ, ಕೆಲಸದ ಹೊತ್ತಿನಲ್ಲೇ ಸಭೆ ಮಾಡಲು ಬಿಟ್ಟು, ಬಸ್ಸನ್ನೂ ಕೊಟ್ಟರೆ ಅದು ಯಾರ ಸಂಘ ಎಂದು ಕೇಳಬೇಕಿಲ್ಲ. ಹೊಸ ಕಾನೂನಿನಲ್ಲಿ ಇದರ ಅಪಾಯ ಹೆಚ್ಚು. ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ ಮಸ್ಟರ್ ರೋಲಿನಲ್ಲಿರುವ (ಕಂಪನಿಯ ಹಾಜರಿ ಪಟ್ಟಿಯಲ್ಲಿರುವ) ಕಾರ್ಮಿಕರಲ್ಲಿ ಶೇ. 51 ಬೆಂಬಲವಿರುವ ಸಂಘವೇ ಏಕೈಕ ಸಂಧಾನ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20 ಅಥವಾ ಹೆಚ್ಚು ಬೆಂಬಲವಿರುವ ಸಂಘಗಳು ಸೇರಿದ ಸಂಧಾನ ಮಂಡಳಿ. ಕಂಪನಿ ಸಂಘ 51 ಮುಟ್ಟಿದರೆ ನೀವು ನೋಂದಣಿಯಾಗಿದ್ದೂ ಮಾತುಕತೆಯ ಮೇಜಿನ ಹೊರಗೆ. ಆದ್ದರಿಂದ ಫಾರಂ ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಹಂಚಿದರು ಎಂಬ ಸಾಕ್ಷಿಯನ್ನು ಬೆಂಬಲ ಪರಿಶೀಲನೆಗೆ ಮುಂಚೆಯೇ ಅಧಿಕಾರಿಗೆ ಲಿಖಿತವಾಗಿ ಕೊಡಿ.

ಮನೆಗೆ ಬರುವ ಒತ್ತಡ: ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳಿಗೆ ಇದೇ ಹೆಚ್ಚು. ‘ನಿಮ್ಮ ಮನೆಯಾಕೆ ಗಂಡಸರ ಜೊತೆ ಮೀಟಿಂಗ್ ಅಂತ ತಿರುಗ್ತಾಳೆ, ಸ್ವಲ್ಪ ಬುದ್ಧಿ ಹೇಳ್ರಿ’ ಎಂದು ಗಂಡನಿಗೋ ಅಪ್ಪನಿಗೋ ಫೋನು. ಇದಕ್ಕೆ ಮದ್ದು ಮುಂಚಿತವಾಗಿ ಮಾಡಬೇಕು. ಎಣಿಕೆಗೆ ಮನೆಗೆ ಹೋದಾಗಲೇ ಮನೆಯವರ ಎದುರು ವಿಷಯ ಹೇಳಿ, ‘ಹೀಗೊಂದು ಫೋನ್ ಬರಬಹುದು’ ಎಂದು ತಿಳಿಸಿ. ಬಂದ ಫೋನಿನ ನಂಬರು, ಹೊತ್ತು, ಮಾತು ದಿನಚರಿಗೆ. ಮಹಿಳಾ ಸದಸ್ಯರ ಎಣಿಕೆಗೆ ಮಹಿಳೆಯರೇ ಹೋಗಲಿ, ಪದಾಧಿಕಾರಿಗಳಲ್ಲೂ ಅವರಿರಲಿ. ಬರೀ ಗಂಡಸರ ಸಮಿತಿ ಇದ್ದ ಕಡೆ ಈ ಒಂದು ಫೋನ್ ಇಡೀ ಲೈನನ್ನೇ ಖಾಲಿ ಮಾಡಿಸುತ್ತದೆ.

ಬಲವಂತದ ರಾಜೀನಾಮೆ: ಕ್ಯಾಬಿನ್‌ಗೆ ಕರೆದು, ಫೋನ್ ಹೊರಗಿಡಿಸಿ, ಟೈಪ್ ಮಾಡಿದ ಹಾಳೆ ಮುಂದಿಡುತ್ತಾರೆ. ಸಹಿ ಹಾಕಬೇಡಿ. ಹಾಕಲೇಬೇಕಾದ ಸ್ಥಿತಿ ಬಂದಿದ್ದರೆ ಹೊರಬಂದ ದಿನವೇ, ಮಾರನೆಯ ದಿನವೂ ಅಲ್ಲ, ‘ಬೆದರಿಸಿ ಸಹಿ ಪಡೆದಿದ್ದಾರೆ, ನಾನು ರಾಜೀನಾಮೆ ಕೊಟ್ಟಿಲ್ಲ, ನಾಳೆ ಕೆಲಸಕ್ಕೆ ಬರುತ್ತೇನೆ’ ಎಂದು ಕಂಪನಿಗೆ ಇ-ಮೇಲ್ ಮಾಡಿ, ಸ್ಪೀಡ್ ಪೋಸ್ಟ್ ಹಾಕಿ, ಲೇಬರ್ ಆಫೀಸರ್‌ಗೆ ಪ್ರತಿ ಕೊಡಿ, ಠಾಣೆಯಲ್ಲಿ ಅರ್ಜಿ ಕೊಟ್ಟು ಹಿಂಬರಹ ಪಡೆಯಿರಿ. ಮಾರನೆಯ ದಿನ ಪಾಳಿಯ ಹೊತ್ತಿಗೆ ಗೇಟಿಗೆ ಹೋಗಿ ನಿಲ್ಲಿ. ಖಾತೆಗೆ ‘ಫುಲ್ ಆ್ಯಂಡ್ ಫೈನಲ್’ ಹಣ ತಾನಾಗಿ ಬಿದ್ದರೆ, ಆಕ್ಷೇಪಣೆ ಸಹಿತ ಇಟ್ಟುಕೊಂಡಿದ್ದೇನೆ ಎಂದು ಬರೆದು ತಿಳಿಸಿ. ಪಿ.ಎಫ್. ಪೂರ್ತಿ ತೆಗೆಯಲು ಅರ್ಜಿ ಹಾಕಬೇಡಿ. ಹದಿನೈದು ದಿನ ಸುಮ್ಮನಿದ್ದು ಪಿ.ಎಫ್. ತೆಗೆದವರ ಮಾತನ್ನು ಯಾರೂ ನಂಬುವುದಿಲ್ಲ.

ವರ್ಗಾವಣೆ: ಹಿರಿಯೂರಿನಲ್ಲಿ ಹತ್ತು ವರ್ಷ ದುಡಿದವರಿಗೆ ರಾತ್ರೋರಾತ್ರಿ ಹೊರರಾಜ್ಯದ ಘಟಕಕ್ಕೆ ಆದೇಶ. ಮೊದಲು ನೇಮಕಾತಿ ಪತ್ರದಲ್ಲಿ ವರ್ಗಾವಣೆಯ ಷರತ್ತು ಇದೆಯೇ ನೋಡಿ. ‘ಹೋಗಲ್ಲ’ ಎಂದು ಬರೆದುಕೊಟ್ಟರೆ ಅದೇ ದುರ್ನಡತೆಯ ಆರೋಪವಾಗುತ್ತದೆ. ಬದಲಿಗೆ, ಸಂಘದ ಕಾರಣಕ್ಕೆ ದುರುದ್ದೇಶದಿಂದ ಮಾಡಿದ ವರ್ಗಾವಣೆ ಇದು, ಆದೇಶ ಮರುಪರಿಶೀಲಿಸಿ, ಅಲ್ಲಿಯವರೆಗೆ ಕಾಲಾವಕಾಶ ಕೊಡಿ ಎಂದು ಬರೆದು ಅಂದೇ ಸಂಧಾನಾಧಿಕಾರಿಗೆ ಅರ್ಜಿ ಹಾಕಿ.

ಅಮಾನತು ಮತ್ತು ವಿಚಾರಣೆ: ಅಮಾನತಿನ ಮೊದಲ 90 ದಿನ ವೇತನದ ಶೇ. 50, ಆಮೇಲೆ ತಡ ನಿಮ್ಮದಲ್ಲದಿದ್ದರೆ ಶೇ. 75 ಜೀವನಾಧಾರ ಭತ್ಯೆ ಸಲ್ಲಬೇಕು. ಒಳವಿಚಾರಣೆಗೆ ಹೋಗದೆ ಕೂರಬೇಡಿ, ಗೈರಿನಲ್ಲೇ ಮುಗಿಸಿಬಿಡುತ್ತಾರೆ. ಆರೋಪದ ದಾಖಲೆ ಕೇಳಿ, ಸಹಕಾರ್ಮಿಕರೊಬ್ಬರನ್ನು ಜೊತೆಗೆ ಕೇಳಿ, ನಡಾವಳಿ ಕನ್ನಡದಲ್ಲಿರಲಿ ಎಂದು ಕೇಳಿ. ಕೊಡದಿದ್ದರೆ ಆ ಮಾತನ್ನು ನಡಾವಳಿ ಹಾಳೆಯ ಮೇಲೆಯೇ ಬರೆದು ಸಹಿ ಹಾಕಿ.

ಗೈರುಹಾಜರಿಯ ಆರೋಪಕ್ಕೆ ಒಳ್ಳೆಯ ಉತ್ತರ ಹೋಲಿಕೆ. ಜಾತ್ರೆಯ ಮಾರನೆಯ ದಿನ ಇಡೀ ವಿಭಾಗವೇ ಅರ್ಧ ಖಾಲಿ, ಚಾರ್ಜ್‌ಶೀಟ್ ಮಾತ್ರ ಸಂಘದ ಇಬ್ಬರಿಗೆ. ಆ ದಿನದ ಹಾಜರಿ ಪುಸ್ತಕ ತರಿಸಬೇಕೆಂದು ವಿಚಾರಣೆಯಲ್ಲಿ ಲಿಖಿತವಾಗಿ ಕೇಳಿ. ತಂದರೆ ತಾರತಮ್ಯ ಕಾಣುತ್ತದೆ, ತರದಿದ್ದರೆ ಅದೂ ನಿಮ್ಮ ಪರವಾಗಿ ದಾಖಲಾಗುತ್ತದೆ.

ನಿಮ್ಮ ಕಡೆಯಿಂದ ಆಗಬಾರದ ಎರಡು: ಘೇರಾವ್ ಮತ್ತು ಮ್ಯಾನೇಜರ ಮನೆ ಮುಂದೆ ಧಿಕ್ಕಾರ. ಅದೇ ಅನುಸೂಚಿಯ ಎರಡನೇ ಭಾಗದಲ್ಲಿ ಸಂಘಗಳ ತಪ್ಪುಗಳ ಪಟ್ಟಿಯೂ ಇದೆ, ಇವೆರಡೂ ಅಲ್ಲಿವೆ. ‘ಮುಷ್ಕರ ಬೇಡ, ಎಲ್ಲರೂ ಒಂದು ದಿನ ಸಿ.ಎಲ್. ಹಾಕೋಣ’ ಎಂಬ ಹಳೆಯ ಉಪಾಯವೂ ಈಗ ನಡೆಯದು. ಶೇ. 50 ಅಥವಾ ಹೆಚ್ಚು ಕಾರ್ಮಿಕರು ಒಟ್ಟಾಗಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರ ಎನ್ನುತ್ತದೆ ಸಂಹಿತೆ. ಮುಷ್ಕರಕ್ಕೆ ಕನಿಷ್ಠ 14 ದಿನದ ನೋಟಿಸ್ ಬೇಕು.

ಹಂತ 8: ದೂರು, ಎರಡು ಬೇರೆ ಬೇರೆ ಅರ್ಜಿ

ವಜಾ ಆದವರ ವಿವಾದ ಒಂದು, ಅನುಚಿತ ಪದ್ಧತಿಯ ದೂರು ಇನ್ನೊಂದು. ಎರಡನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ಅಧಿಕಾರಿ ಸುಲಭದ್ದನ್ನು ಕೈಗೆತ್ತಿಕೊಂಡು ಇನ್ನೊಂದನ್ನು ಮರೆಯುತ್ತಾರೆ.

ಮೊದಲನೆಯದು ಸಂಧಾನಾಧಿಕಾರಿಗೆ: ಕೆಲಸಕ್ಕೆ ವಾಪಸ್, ಹಿಂಬಾಕಿ ವೇತನ, ಸೇವಾ ನಿರಂತರತೆ. ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಧಾನ ಮುರಿದರೆ ಅದರ ವರದಿ ಕೈಸೇರಿದ 90 ದಿನದೊಳಗೆ ಕೈಗಾರಿಕಾ ನ್ಯಾಯಮಂಡಳಿಗೆ ನೇರವಾಗಿ ಅರ್ಜಿ ಹಾಕಬಹುದು. ಈ 90 ದಿನ ತಪ್ಪಿಸಿಕೊಂಡು ಬರುವವರು ಬಹಳ. ವರದಿಯ ಪ್ರತಿಗಾಗಿ ಕಚೇರಿಗೆ ವಾರಕ್ಕೊಮ್ಮೆ ಹೋಗಿ ಕೇಳಿ.

ಎರಡನೆಯ ದೂರಿನಲ್ಲಿ ಮಾಲೀಕರನ್ನು ಶಿಕ್ಷಿಸುವ ಮಾತಿದೆ. ನೀವೇ ನೇರವಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಸರ್ಕಾರ ಅಥವಾ ಅದರ ಅಧಿಕಾರ ಪಡೆದವರು ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ಪರಿಗಣಿಸುತ್ತದೆ. ಅಂದರೆ ನೀವು ಬರೆಯುವ ಹಾಳೆ ಅಧಿಕಾರಿಯ ಕೆಲಸ ಸುಲಭ ಮಾಡುವಂತಿರಬೇಕು. ಪ್ರತಿ ಘಟನೆಗೆ ನಾಲ್ಕೇ ಸಾಲು: ದಿನಾಂಕ, ಏನಾಯಿತು, ಅನುಸೂಚಿಯ ಯಾವ ಅಂಶ, ಯಾವ ಸಾಕ್ಷಿ. ‘ಬಡ ಕಾರ್ಮಿಕರ ರಕ್ತ ಹೀರುತ್ತಿದ್ದಾರೆ’ ಎಂಬ ಸಾಲು ಕರಪತ್ರಕ್ಕೆ ಇರಲಿ.

ದೂರಿನ ಮೇಲೆ ಕ್ರಮ ಕಾಣದಿದ್ದರೆ ತಿಂಗಳ ನಂತರ ಮಾಹಿತಿ ಹಕ್ಕಿನಡಿ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಿ. ಹತ್ತು ರೂಪಾಯಿಯ ಅರ್ಜಿ, ಮೂವತ್ತು ದಿನದ ಗಡುವು.

ಹಂತ 9: ಬೇಡಿಕೆ ಪಟ್ಟಿಯನ್ನು ಗುರಾಣಿ ಮಾಡಿಕೊಳ್ಳಿ

ಸಂಧಾನ ನಡೆಯುತ್ತಿರುವಾಗ, ವಿವಾದಕ್ಕೆ ಸಂಬಂಧಪಟ್ಟ ಕಾರ್ಮಿಕರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸುವುದಾಗಲಿ, ಆ ವಿವಾದಕ್ಕೆ ಸೇರಿದ ದುರ್ನಡತೆಯ ಹೆಸರಲ್ಲಿ ಅವರನ್ನು ತೆಗೆಯುವುದಾಗಲಿ ಲಿಖಿತ ಅನುಮತಿ ಇಲ್ಲದೆ ಆಗದು. ಇದು ಸೆಕ್ಷನ್ 90. ಈ ರಕ್ಷಣೆ ಶುರುವಾಗುವುದು ಸಂಧಾನಾಧಿಕಾರಿ ಮೊದಲ ಸಭೆ ನಡೆಸಿದ ದಿನದಿಂದ. ನೀವು ಪತ್ರ ಹಾಕಿದ ದಿನದಿಂದ ಲೆಕ್ಕ ಹಿಡಿದರೆ ಮೋಸ ಹೋಗುತ್ತೀರಿ. ಹಾಗಾಗಿ ಬೇಡಿಕೆ ಪಟ್ಟಿ ಕೊಟ್ಟು ಉತ್ತರ ಬಾರದಿದ್ದರೆ ಬೇಗ ಸಂಧಾನಕ್ಕೆ ಒಯ್ದು, ಮೊದಲ ಸಭೆಯ ನೋಟಿಸ್ ಹೊರಡುವವರೆಗೆ ಬೆನ್ನು ಬಿಡಬೇಡಿ.

ನೋಂದಣಿಯಾದ ಸಂಘ ‘ಸಂರಕ್ಷಿತ ಕಾರ್ಮಿಕ’ರ ಹೆಸರನ್ನೂ ಕೊಡಬಹುದು: ಒಟ್ಟು ಕಾರ್ಮಿಕರ ಶೇ. 1, ಕನಿಷ್ಠ 5, ಗರಿಷ್ಠ 100. ವಿವಾದ ಬಾಕಿ ಇರುವಾಗ ಇವರ ಮೇಲೆ ಕ್ರಮಕ್ಕೆ ಮುಂಚಿತ ಅನುಮತಿ ಬೇಕೇ ಬೇಕು. ಹೆಸರನ್ನು ಪ್ರತಿ ವರ್ಷ ನಿಯಮದಲ್ಲಿ ಹೇಳಿದ ಗಡುವಿನೊಳಗೆ ಲಿಖಿತವಾಗಿ ಕೊಡಬೇಕು. ಐದು ಹೆಸರನ್ನೂ ಅಧ್ಯಕ್ಷ, ಕಾರ್ಯದರ್ಶಿಗಳಿಗೇ ಬಳಸಿಬಿಡಬೇಡಿ. ವಿಭಾಗದಲ್ಲಿ ಚಂದಾ ಎತ್ತುವ, ಎಲ್ಲರೂ ಮಾತು ಕೇಳುವ ಒಬ್ಬರಿಬ್ಬರಿರುತ್ತಾರೆ. ಕಂಪನಿ ಕಣ್ಣಿಡುವುದು ಅವರ ಮೇಲೆ.

ಹಂತ 10: ಸರ್ಟಿಫಿಕೇಟ್ ಬಂದ ಮೇಲೆ

ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆದು ಚಂದಾ ಅಲ್ಲಿಗೇ ಹಾಕಿ, ವರ್ಷಕ್ಕೊಮ್ಮೆ ಆಡಿಟ್ ಮಾಡಿಸಿ, ವಾರ್ಷಿಕ ವರದಿ ಸಲ್ಲಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಪದಾಧಿಕಾರಿಗಳು ಬದಲಾದರೆ ಅದನ್ನೂ ರಿಜಿಸ್ಟ್ರಾರ್‌ಗೆ (ಸಂಘಗಳನ್ನು ನೋಂದಾಯಿಸುವ ಅಧಿಕಾರಿಗೆ) ತಿಳಿಸಿ. ಸದಸ್ಯತ್ವ ಶೇ. 10 ಅಥವಾ 100ಕ್ಕಿಂತ ಇಳಿಯದಂತೆ ಸದಾ ನೋಡಿಕೊಳ್ಳಬೇಕು, ಏಕೆಂದರೆ ಆ ಷರತ್ತು ನೋಂದಣಿಯ ದಿನಕ್ಕೇ ಮುಗಿಯುವುದಿಲ್ಲ. ಮೊದಲ ವರ್ಷದ ಗಲಾಟೆ ತಣ್ಣಗಾದ ಮೇಲೆ ಚಂದಾ ಪುಸ್ತಕ ಮೂಲೆ ಸೇರುತ್ತದೆ, ವರದಿ ಎರಡು ವರ್ಷ ಬಾಕಿ ಬೀಳುತ್ತದೆ. ಕಂಪನಿಯ ಕಡೆಯವರು ಇದನ್ನೇ ಕಾದು, ನೋಂದಣಿ ರದ್ದು ಮಾಡಿ ಎಂದು ರಿಜಿಸ್ಟ್ರಾರ್‌ಗೆ ಅರ್ಜಿ ಹಾಕುತ್ತಾರೆ. ಲೆಕ್ಕಪತ್ರ ನೋಡಿಕೊಳ್ಳಲು ಖಜಾಂಚಿಯ ಜೊತೆಗೆ ಇನ್ನೊಬ್ಬರನ್ನು ಮೊದಲ ತಿಂಗಳಲ್ಲೇ ನೇಮಿಸಿ, ಆ ಠರಾವನ್ನೂ ನಡಾವಳಿ ಪುಸ್ತಕದಲ್ಲಿ ಬರೆಯಿರಿ.